ತವರಿನಿಂದ ಬಂದ ಮೀಸೆ ಮೀನು

ನಾನು ಮದುವೆಯಾಗಿ ರಾಜಾಜಿನಗರಕ್ಕೆ ಬಂದದ್ದು ಸಾವಿರದ ಒಂಬೈನೂರ ಐವತ್ತೇಳನೇ ಇಸವಿಯ ಮೊದಲಿಗೆ. ಈಗ ಹೇಳಹೊರಟಿರುವುದು ಅದೇ ವರ್ಷದ ಬೇಸಿಗೆಯಲ್ಲಿ ನಡೆದದ್ದು. ಆಗಿನ ರಾಜಾಜಿನಗರ ಹೇಗಿತ್ತೆಂದು ಹೇಳಿದರೆ ನನ್ನ ಮೊಮ್ಮಕ್ಕಳು ನಂಬುವುದಿಲ್ಲ. ಮನೆಗಳಿಗಿಂತ ಸೈಟಿನ ಕಲ್ಲುಗಳೇ ಜಾಸ್ತಿ. ನಮ್ಮ ಹಿತ್ತಲಲ್ಲಿ ನಿಂತರೆ ಕುರುಬರಹಳ್ಳಿಯ ಹೊಲಗಳು ಕಾಣುತ್ತಿದ್ದವು. ಸಂಜೆ ದನಗಳು ಊರಿಗೆ ಮರಳುವಾಗ ಎದ್ದ ಧೂಳು ಬಂದು ನಾನು ಒಗೆದು ಹಾಕಿದ ಬಟ್ಟೆಯ ಮೇಲೆ ಕೂರುತ್ತಿತ್ತು.

ನನ್ನ ತವರು ಕೆಂಗೇರಿ. ಅಪ್ಪನದು ಬೇಸಾಯ, ಕೆರೆ ಏರಿಯ ಕೆಳಗೇ ನಮ್ಮ ಗದ್ದೆ. ನನಗೆ ಚಿಕ್ಕಂದಿನಿಂದ ಬಾಯಿಬಡುಕಿ ಎಂದೇ ಹೆಸರು. ಅದಕ್ಕೇ ಗಂಡನ ಮನೆಗೆ ಕಳಿಸುವಾಗ ಅವ್ವ ನನ್ನ ಕೈ ಹಿಡಿದು, "ಮಾವನ ಮುಂದೆ ತುಟಿ ಬಿಚ್ಚಬೇಡ ಕಣವ್ವ. ಏನಿದ್ರೂ ಅತ್ತೆ ಕೈಲಿ ಹೇಳ್ಸು" ಎಂದಿದ್ದಳು. ಆಗ ನಮ್ಮ ಕಡೆ ಪದ್ಧತಿಯೇ ಹಾಗಿತ್ತು. ಸೊಸೆಯಾದವಳು ಮಾವನ ಜೊತೆ ನೇರವಾಗಿ ಮಾತಾಡಬಾರದು, ಮಾವನೂ ಸೊಸೆಯ ಹತ್ತಿರ ನೇರವಾಗಿ ಮಾತಾಡುತ್ತಿರಲಿಲ್ಲ.

ಇದರಿಂದ ಮನೆಯಲ್ಲಿ ಎಂಥ ತಮಾಷೆ ನಡೆಯುತ್ತಿತ್ತು ಅಂದರೆ, ಮಾವ ಊಟಕ್ಕೆ ಕೂತಿರುತ್ತಿದ್ದರು, ನಾನು ಪಕ್ಕದಲ್ಲೇ ಸಾರಿನ ಪಾತ್ರೆ ಹಿಡಿದು ನಿಂತಿರುತ್ತಿದ್ದೆ. ಅವರು ಅಡುಗೆಮನೆಯ ಕಡೆ ತಿರುಗಿ, "ಸಾರಿಗೆ ಉಪ್ಪು ಕಮ್ಮಿ ಆಗಿದೆ ಅಂತ ನಿನ್ ಸೊಸೆಗೆ ಹೇಳೇ" ಅನ್ನುತ್ತಿದ್ದರು. ಅತ್ತೆ ಅಲ್ಲಿಂದಲೇ, "ಉಪ್ಪು ಕಮ್ಮಿಯಂತೆ ಕಣೇ" ಅನ್ನುತ್ತಿದ್ದರು. ನಾನು, "ಉಪ್ಪು ತಂದೆ ಅನ್ನಿ ಅತ್ತೆ" ಅನ್ನುತ್ತಿದ್ದೆ. ಅಷ್ಟರಲ್ಲಿ ಮಾವ ಆ ಸಾರಿನಲ್ಲೇ ಊಟ ಮುಗಿಸಿರುತ್ತಿದ್ದರು.

ಮಾವ ಒಂದು ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದರು. ಮಿತಭಾಷಿ, ಒಳ್ಳೆಯ ಮನುಷ್ಯ. ಅವರ ಕಾರ್ಖಾನೆಯ ಸಾಹೇಬರೊಬ್ಬರು ಬೇರೆ ಊರಿಗೆ ವರ್ಗವಾಗಿ ಹೋಗುವಾಗ ತಾವು ಸಾಕಿದ್ದ ಮೀನುಗಳನ್ನು ತೊಟ್ಟಿಯ ಸಮೇತ ಮಾವನಿಗೆ ಕೊಟ್ಟು ಹೋಗಿದ್ದರು. ಕಬ್ಬಿಣದ ಚೌಕಟ್ಟಿಗೆ ಗಾಜು ಕೂರಿಸಿ, ನೀರು ಸೋರದಂತೆ ಸಂದಿಗೆಲ್ಲ ಪುಟ್ಟಿ ಮೆತ್ತಿದ ತೊಟ್ಟಿ. ಅದರೊಳಗೆ ಗಪ್ಪಿ ಅನ್ನುವ ಪುಟಾಣಿ ಮೀನುಗಳು. ಒಂದೊಂದೂ ಕಿರುಬೆರಳಿನ ಅರ್ಧ ಇದ್ದರೆ ಹೆಚ್ಚು. ಗಂಡು ಮೀನುಗಳ ಬಾಲವಂತೂ ಹಬ್ಬದ ಸೀರೆಯ ಸೆರಗಿನ ಹಾಗೆ ಬಣ್ಣಬಣ್ಣ. ನಡುಮನೆಯ ಕಿಟಕಿಯ ಪಕ್ಕ ಅದನ್ನಿಟ್ಟು, ಕೆಲಸದಿಂದ ಬಂದವರೇ ಚಪ್ಪಲಿ ಬಿಟ್ಟು ಅದರ ಮುಂದೆ ಕೂತುಬಿಡುತ್ತಿದ್ದರು. ಅತ್ತೆಗೆ ಅದನ್ನು ಕಂಡರೆ ಉರಿ. "ನಿಮ್ಮ ಮಾವಂಗೆ ನಾನು ಕಟ್ಕೊಂಡೋಳು, ಅದು ಇಟ್ಕೊಂಡಿರೋದು" ಎಂದು ನನ್ನ ಕಿವಿಯಲ್ಲಿ ಹೇಳಿ ಅವರೇ ನಗುತ್ತಿದ್ದರು.

ಆ ಬೇಸಿಗೆಯಲ್ಲಿ ಮೀನುಗಳು ಒಂದೊಂದೇ ಸಾಯತೊಡಗಿದವು. ಮಾವ ಪ್ರೀತಿ ಹೆಚ್ಚಾಗಿ ಹುರಿಗಡಲೆ ಹಿಟ್ಟನ್ನು ಕೈತುಂಬ ಹಾಕುತ್ತಿದ್ದರು. ಅವು ತಿಂದು ಮಿಕ್ಕಿದ್ದು ತಳಕ್ಕೆ ಹೋಗಿ ಕೊಳೆಯುತ್ತಿತ್ತು, ನೀರು ಗಂಜಿಯಂತಾಗಿ ವಾಸನೆ ಬರುತ್ತಿತ್ತು. ಎಷ್ಟು ಸಲ ನೀರು ಬದಲಾಯಿಸಿದರೂ ಅಷ್ಟೇ. ಬೆಳಗ್ಗೆ ಎದ್ದು ನೋಡಿದರೆ ಯಾವುದಾದರೂ ಒಂದು ಮೇಲೆ ತೇಲುತ್ತಿತ್ತು. ಮಾವ ಅದನ್ನು ಎಲೆಯ ಮೇಲೆ ಎತ್ತಿಕೊಂಡು ಹೋಗಿ ಹಿತ್ತಲ ನುಗ್ಗೆ ಮರದ ಬುಡದಲ್ಲಿ ಮಣ್ಣು ಮಾಡಿ, ತಿಂಡಿಯನ್ನೂ ಸರಿಯಾಗಿ ತಿನ್ನದೆ ಕೆಲಸಕ್ಕೆ ಹೋಗುತ್ತಿದ್ದರು. ನೋಡುವುದಕ್ಕೆ ನನಗೆ ಸಂಕಟವಾಗುತ್ತಿತ್ತು. ಹೀಗೇ ಹೋದರೆ ತೊಟ್ಟಿ ಖಾಲಿಯಾಗುತ್ತದೆ, ಆಮೇಲೆ ಈ ಮನುಷ್ಯ ಏನು ಮಾಡುತ್ತಾರೆ ಅಂತ ನನಗೆ ಅದೇ ಯೋಚನೆ.

ಒಂದು ದಿನ ಅವರಿಗೆ ಸಾಹೇಬರು ಹೇಳಿದ್ದು ನೆನಪಾಯಿತು. ತಳದಲ್ಲೇ ಓಡಾಡುವ ಮೀಸೆ ಮೀನೊಂದನ್ನು ಬಿಟ್ಟರೆ ಅದು ಬಿದ್ದದ್ದನ್ನೆಲ್ಲ ಆಯ್ದು ತಿನ್ನುತ್ತದೆ, ಆದರೆ ಸಣ್ಣ ಮೀನಿನ ತಂಟೆಗೆ ಹೋಗದಂಥದ್ದನ್ನು ನೋಡಿ ಬಿಡಬೇಕು ಅಂದಿದ್ದರಂತೆ. ಮಾವ ಅಡುಗೆಮನೆಯ ಬಾಗಿಲಿಗೆ ಬಂದು, "ಕೆಂಗೇರಿ ಕೆರೇಲಿ ಮೀಸೆ ಮೀನು ಸಿಗುತ್ತಾ ಅಂತ ನಿನ್ ಸೊಸೇನ ಕೇಳೇ" ಅಂದರು.

ಅತ್ತೆ ಒರಳಲ್ಲಿ ಮೆಣಸಿನಕಾಯಿ ಕುಟ್ಟುತ್ತಿದ್ದರು. ನಾನು ಅವರಿಗೆ, "ಸಿಗುತ್ತೆ ಅತ್ತೆ. ಆದ್ರೆ ಮೀಸೆ ಇರೋದೆಲ್ಲ ಒಂದೇ ಅಲ್ಲ. ಮುರುಗೋಡು ಅಂತ ಇದೆ, ಅದು ಬೇಡ. ಗಿರ್ಲು ಅಂತ ಸಣ್ಣ ಬಾಯಿದು ಬರುತ್ತೆ, ಅದನ್ನೇ ನೋಡಿ ತರಿಸ್ಬೇಕು ಅನ್ನಿ" ಎಂದು ಬಿಡಿಸಿ ಹೇಳಿದೆ. ಅಷ್ಟರಲ್ಲಿ ಅತ್ತೆಗೆ ಮೆಣಸಿನ ಘಾಟು ಹತ್ತಿ ಸೀನು ಬಂತು. ಸೀನಿ, ಕಣ್ಣು ಒರೆಸಿಕೊಂಡು, "ಸಿಗುತ್ತಂತೆ ಕಣ್ರೀ" ಅಂದರು. ಅಷ್ಟೇ. ನನ್ನ ಇಡೀ ಮಾತಿನಲ್ಲಿ ಮಾವನಿಗೆ ತಲುಪಿದ್ದು ಅದೊಂದೇ ಪದ. ಅವರ ಹಿಂದೆ ಓಡಿಹೋಗಿ ಉಳಿದದ್ದನ್ನು ಹೇಳುವ ಹಾಗಿರಲಿಲ್ಲವಲ್ಲ, ಅತ್ತೆಯ ಕೈಲಿ ಮತ್ತೆ ಹೇಳಿಸುವಷ್ಟರಲ್ಲಿ ಮಾವ ಗೇಟಿನ ಕಡೆ ಹೋಗಿಯಾಗಿತ್ತು.

ನಮ್ಮ ಬೀದಿಗೆ ಕೆಂಗೇರಿಯಿಂದ ಸಿದ್ದಣ್ಣ ಅನ್ನುವವನು ವೀಳ್ಯದೆಲೆ ಮಾರಲು ಬರುತ್ತಿದ್ದ. ಮಾವ ಆಗಲೇ ಅವನನ್ನು ಗೇಟಿನಲ್ಲಿ ನಿಲ್ಲಿಸಿ, "ನಮ್ಮ ಬೀಗರಿಗೆ ಹೇಳಪ್ಪ, ನಂಗೊಂದು ಮೀಸೆ ಮೀನು ಬೇಕಿತ್ತು. ಜೀವ ಇರಬೇಕು" ಎಂದು ಹೇಳಿ ಕಳಿಸಿದರು.

ಈ ಮಾತು ಕೆಂಗೇರಿಯಲ್ಲಿ ಏನು ಮಾಡಿತು ಅನ್ನುವುದು ನನಗೆ ಆಮೇಲೆ ಅವ್ವನಿಂದ ಗೊತ್ತಾಯಿತು. ನನ್ನ ಮದುವೆಯಲ್ಲಿ ಬೀಗರು ಏನೂ ಕೇಳಿರಲಿಲ್ಲ. ವಾಚು ಬೇಡ, ಬಟ್ಟೆಯೂ ನಿಮ್ಮಿಷ್ಟ, ಹುಡುಗಿ ಕೊಡಿ ಸಾಕು ಅಂದಿದ್ದರು. ಕೇಳದವರಿಗೆ ಏನು ಕೊಟ್ಟರೂ ಕಮ್ಮಿಯೇ ಅಂತ ಅಪ್ಪನಿಗೆ ಒಳಗೊಳಗೇ ಕೊರಗಿತ್ತು. ಈಗ ಅದೇ ಬೀಗರು ಬಾಯಿಬಿಟ್ಟು ಮೀನು ಕೇಳಿದ್ದಾರೆ. ಅಪ್ಪ ಹಿಗ್ಗಿ ಹೀರೇಕಾಯಿಯಾದರು. ಕೆರೆಯಲ್ಲಿ ನೀರು ಇಳಿದಿತ್ತು. ನನ್ನ ಅಣ್ಣತಮ್ಮಂದಿರನ್ನು ಕರೆದುಕೊಂಡು ಸೊಂಟದ ತನಕ ಕೆಸರಿನಲ್ಲಿ ಇಳಿದು, ಸಿಕ್ಕಿದ್ದರಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಆರಿಸಿ ಇಟ್ಟುಕೊಂಡರು. ಪಾಪ, ನಮ್ಮ ಕಡೆ ಸಣ್ಣ ಮೀನು ಕೊಡಿ ಅಂತ ಕೇಳಿದವರನ್ನು ಅವರು ಹುಟ್ಟಿದ ಮೇಲೆ ನೋಡಿರಲಿಲ್ಲ.

ಅದರ ಮುಂದಿನ ಭಾನುವಾರ ಬೆಳಗ್ಗೆ ಅಪ್ಪ ರೈಲಿನಲ್ಲಿ ಬಂದು, ಸಿಟಿ ಸ್ಟೇಷನ್ನಿನಿಂದ ಹೆಗಲ ಮೇಲೆ ಮಡಕೆ ಹೊತ್ತು ನಡೆದುಕೊಂಡು ನಮ್ಮ ಮನೆ ಮುಟ್ಟಿದರು. ಮಡಕೆಯ ಬಾಯಿಗೆ ಒದ್ದೆ ಬಟ್ಟೆ ಕಟ್ಟಿತ್ತು. ಮದುವೆಯಾದ ಮೇಲೆ ಅಪ್ಪ ನಮ್ಮ ಮನೆಗೆ ಬಂದದ್ದು ಅದೇ ಮೊದಲು. ಮಗಳ ಮನೆಯಲ್ಲವೇ, ಹೊಸ ಪಂಚೆ ಉಟ್ಟು, ಪೇಟ ಸುತ್ತಿದ್ದರು. ನನ್ನ ಯಜಮಾನರು ಬೆಳಗಿನ ಪಾಳಿಗೆ ಹೋಗಿದ್ದರು. ಮಾವ ಓಡಿ ಬಂದು ಮಡಕೆ ಇಳಿಸಿಕೊಂಡರು, ಕಾಲಿಗೆ ನೀರು ಕೊಡಿಸಿದರು.

"ತಂದಿದೀನಿ ಬೀಗ್ರೇ" ಅಂದರು ಅಪ್ಪ. ಅವರ ಮುಖ ನೋಡಬೇಕಿತ್ತು ನೀವು.

ಮಾವ ಬಟ್ಟೆ ಬಿಚ್ಚಿದರು. ಒಳಗೆ ಕರ್ರಗೆ ಮೊಣಕೈ ಉದ್ದದ ಮುರುಗೋಡು ಸುತ್ತಿಕೊಂಡು ಮಲಗಿತ್ತು. ಬಾಯಿ ನೋಡಿದರೆ ತಲೆಯಷ್ಟೇ ಅಗಲ. ಮೀಸೆಗಳು ದಾರದ ಹಾಗೆ ನೀರಲ್ಲಿ ಆಡುತ್ತಿದ್ದವು. ಬಾಗಿಲ ಹಿಂದೆ ನಿಂತ ನಾನು ನೋಡಿದ ಕೂಡಲೇ ಗುರುತು ಹಿಡಿದೆ, ಬೇಡ ಅಂದಿದ್ದೇ ಬಂದಿತ್ತು.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಮಾವನ ಮನೆಯಲ್ಲಿ ಕೋಳಿ ಮಾಡುತ್ತಿದ್ದರೇ ಹೊರತು ಮೀನು ಮಾಡುತ್ತಿರಲಿಲ್ಲ. ಅತ್ತೆಗೆ ಆ ವಾಸನೆ ಆಗದು. ಮಾವನ ಹುಟ್ಟೂರಿನಲ್ಲಿ ಕೆರೆಯೂ ಇಲ್ಲ, ಮೀನು ತಿನ್ನುವ ರೂಢಿಯೂ ಇಲ್ಲ. ಹಾಗಾಗಿ ಅವರಿಗೆ ಮುರುಗೋಡು ಯಾವುದು, ಗಿರ್ಲು ಯಾವುದು ಒಂದೂ ತಿಳಿಯದು. ಇದು ಯಾವುದೂ ಅಪ್ಪನಿಗೆ ಗೊತ್ತಿರಲಿಲ್ಲ. ಅಪ್ಪನ ಲೆಕ್ಕದಲ್ಲಿ ಮಧ್ಯಾಹ್ನಕ್ಕೆ ಬೀಗರ ಮನೆಯಲ್ಲಿ ಮೀನಿನ ಸಾರು, ಮುದ್ದೆ. ಮಾವನ ಲೆಕ್ಕದಲ್ಲಿ ತೊಟ್ಟಿ ಶುಚಿ ಮಾಡಲು ಬಂದ ಮೀನು ಅದು.

"ಸ್ವಲ್ಪ ದೊಡ್ಡದೇ ಅನ್ಸುತ್ತೆ ಬೀಗ್ರೇ" ಎಂದರು ಮಾವ.

"ನಿಮ್ಗೆ ಅಂದ್ಮೇಲೆ ಸಣ್ಣದು ತರಕ್ಕಾಗುತ್ತಾ. ಇದಕ್ಕಿಂತ ಒಳ್ಳೇದು ನಮ್ ಕೆರೇಲೇ ಇಲ್ಲ" ಎಂದರು ಅಪ್ಪ.

ಕೆರೆಯ ಪಕ್ಕದಲ್ಲೇ ಹುಟ್ಟಿ ಬೆಳೆದವರು, ನೋಡಿ ಆರಿಸಿ ತಂದಿದ್ದಾರೆ, ಹೆಚ್ಚು ಕೇಳಿದರೆ ಬೀಗರಿಗೆ ಅವಮಾನ ಮಾಡಿದ ಹಾಗಾಗುತ್ತದೆ ಎಂದು ಮಾವನ ಮನಸ್ಸಿನಲ್ಲಿ. ಮಡಕೆ ಎತ್ತಿಕೊಂಡು ನಡುಮನೆಯ ಗಾಜಿನ ತೊಟ್ಟಿಯ ಕಡೆ ನಡೆದರು. ಅಪ್ಪ ಹಿಂದೆಯೇ ಹೋದರು. ತೊಟ್ಟಿಯನ್ನು ಕಂಡು ಬೆರಗಾಗಿ ನಿಂತು, ಹಿಂದೆ ಬಂದು ನಿಂತಿದ್ದ ನನ್ನ ಕಡೆ ಬಾಗಿ ಮೆಲ್ಲಗೆ, "ಪ್ಯಾಟೆ ಮಂದಿ ಏನ್ ವೈನಾಗಿ ಮಡಗವ್ರೆ ಮಗಾ. ಅಡುಗೆ ಆಗೋಗಂಟ ಇದಕ್ಕೆ ಮೇವೂ ತಂದು ಬಿಟ್ಟವ್ರಲ್ಲ" ಅಂದರು.

ಮೇವು. ಮಾವನ ಗಪ್ಪಿಗಳು ಅಪ್ಪನ ಕಣ್ಣಿಗೆ ಮುರುಗೋಡಿನ ಮೇವಾಗಿ ಕಂಡಿದ್ದವು. ಅದರಲ್ಲಿ ತಪ್ಪೂ ಇರಲಿಲ್ಲ. ಅವ್ವನ ಜೊತೆ ಹಿತ್ತಲ ಕಲ್ಲಿನ ಮೇಲೆ ಬೂದಿ ಹಾಕಿ ಮೀನು ಉಜ್ಜಿ ತೊಳೆದು ಬೆಳೆದವಳು ನಾನು. ಮುರುಗೋಡಿನ ಹೊಟ್ಟೆ ಸೀಳಿದರೆ ಒಳಗೆ ಸಣ್ಣ ಮೀನುಗಳು ಇಡಿಯಾಗಿ ಸಿಗುತ್ತಿದ್ದುದನ್ನು ಎಷ್ಟೋ ಸಲ ಕಣ್ಣಾರೆ ಕಂಡಿದ್ದೆ.

ಅತ್ತೆಗೆ ಹೇಳೋಣವೆಂದು ಸುತ್ತ ನೋಡಿದೆ. ಅತ್ತೆ ಇಲ್ಲ, ಬೀಗರಿಗೆ ಕಾಫಿಗೆಂದು ಹಾಲು ತರಲು ಹಿಂದಿನ ಬೀದಿಗೆ ಹೋಗಿದ್ದರು. ಮಾವ ಮಡಕೆಯ ಬಾಯನ್ನು ತೊಟ್ಟಿಯ ಅಂಚಿಗೆ ಇಟ್ಟಾಗಿತ್ತು. ಮುರುಗೋಡು ಮಡಕೆಯೊಳಗೆ ತಿರುಗಿತು. ಮಾವ ನಿಧಾನವಾಗಿ ಬಗ್ಗಿಸಿದರು. ಅಪ್ಪನಿಗೆ ಹೇಳಿ ಅಪ್ಪನ ಕೈಲಿ ಹೇಳಿಸುವಷ್ಟು ಹೊತ್ತೂ ಇರಲಿಲ್ಲ. ಸುಮ್ಮನಿದ್ದರೆ ಮೀನು ಹೋಗುತ್ತವೆ, ಬಾಯಿಬಿಟ್ಟರೆ ಅಪ್ಪನ ಮರ್ಯಾದೆ ಹೋಗುತ್ತದೆ.

"ಮಾವ, ಬಿಡಬೇಡಿ. ಅದು ಎಲ್ಲಾನೂ ತಿಂದ್ಹಾಕುತ್ತೆ."

ಹೇಳಿದ್ದು ನಾನೇ ಎಂದು ನನಗೇ ಒಂದು ಗಳಿಗೆ ತಿಳಿಯಲಿಲ್ಲ. ಮನೆಯೊಳಗೆ ಹೊಕ್ಕ ಮೇಲೆ ಮಾವನಿಗೆ ನಾನು ಆಡಿದ ಮೊದಲ ಮಾತು ಅದು. ಮಾವ ಹಾಗೇ ನಿಂತರು. ಮಡಕೆಯ ನೀರು ಸ್ವಲ್ಪ ತೊಟ್ಟಿಗೆ ಚೆಲ್ಲಿತು, ಮೀನು ಬೀಳಲಿಲ್ಲ. ಅವರು ಮಡಕೆಯನ್ನು ಹುಷಾರಾಗಿ ನೆಲಕ್ಕೆ ಇಳಿಸಿ ಮೇಲೆ ಬಟ್ಟೆ ಹಾಕಿದರು.

ಅಪ್ಪನ ಮುಖ ಬಿಳಿಚಿಕೊಂಡಿತ್ತು. "ಏನವ್ವ ಇದು, ದೊಡ್ಡೋರ ಮುಂದೆ. ಇದೇನಾ ನಾವು ಕಲಿಸಿದ್ದು" ಎಂದು ನನ್ನನ್ನು ಗದರಿ, ಮಾವನ ಕಡೆ ತಿರುಗಿ ಕೈಮುಗಿದರು. "ತಪ್ಪು ತಿಳ್ಕೋಬ್ಯಾಡಿ ಬೀಗ್ರೇ. ಹುಡುಗಿಗೆ ಬುದ್ಧಿ ಇಲ್ಲ."

"ಅವಳನ್ನ ಬೈಬೇಡಿ" ಅಂದರು ಮಾವ. ಆಮೇಲೆ ನಿಧಾನವಾಗಿ ಕೇಳಿದರು, "ಬೀಗ್ರೇ, ನೀವು ಇದನ್ನ ಯಾತಕ್ಕೆ ಅಂತ ತಂದ್ರಿ?"

"ಸಾರಿಗೆ" ಎಂದರು ಅಪ್ಪ. ಹಾಗೆ ಅಂದವರೇ ಒಮ್ಮೆ ತೊಟ್ಟಿಯನ್ನು ನೋಡಿದರು, ಒಮ್ಮೆ ಮಾವನನ್ನು ನೋಡಿದರು. ಅವರಿಗೂ ಅರ್ಥವಾಯಿತು. ಹೆಗಲ ಮೇಲಿನ ಟವೆಲ್ ತೆಗೆದು ಮಡಿಸುತ್ತಾ ನೆಲದ ಮೇಲೆ ಕೂತುಬಿಟ್ಟರು. "ಮೊದಲನೇ ಸಲ ಒಂದು ಬಾಯಿಬಿಟ್ಟು ಕೇಳಿದ್ರಿ. ಅದನ್ನೂ ನೆಟ್ಟಗೆ ಮಾಡಕ್ಕಾಗ್ಲಿಲ್ಲ ನನ್ ಕೈಲಿ" ಅಂದರು. ನನಗೆ ಅಳು ಬಂತು. ಕೆಸರಿನಲ್ಲಿ ಇಳಿದು ತಂದವರು, ಅಷ್ಟು ದೂರ ಹೊತ್ತು ತಂದವರು, ನನ್ನ ಒಂದು ಮಾತಿಗೆ ಹೀಗೆ ತಲೆ ತಗ್ಗಿಸಿ ಕೂತರಲ್ಲ.

ಮಾವ ಅಪ್ಪನ ಪಕ್ಕದಲ್ಲಿ ತಾವೂ ನೆಲದ ಮೇಲೆ ಕೂತರು. ಕುರ್ಚಿ ಇತ್ತು, ಆದರೂ ನೆಲದ ಮೇಲೇ ಕೂತರು. "ನಿಮ್ಮ ಮೀನು ವಾಪಸ್ ಹೋಗಲ್ಲ, ಸಾರಿಗೂ ಹೋಗಲ್ಲ. ಈ ಮನೇಲೇ ಇರುತ್ತೆ ಬೀಗ್ರೇ" ಅಂದರು. ಮನೆ ಕಟ್ಟುವಾಗ ನೀರಿಗೆಂದು ಮಾಡಿಸಿದ್ದ ಗಾರೆ ತೊಟ್ಟಿ ಹಿತ್ತಲಲ್ಲಿ ಹಾಗೇ ಇತ್ತು. ಇಬ್ಬರೂ ಸೇರಿ ಮಡಕೆಯನ್ನು ಅಲ್ಲಿಗೆ ಒಯ್ದು ಮುರುಗೋಡನ್ನು ಅದರಲ್ಲಿ ಬಿಟ್ಟರು. ಅದು ಒಂದು ಸುತ್ತು ಹೊಡೆದು ತಳದ ಪಾಚಿಯಲ್ಲಿ ಮರೆಯಾಯಿತು. ಅಪ್ಪನ ಮುಖ ಆಗ ಸ್ವಲ್ಪ ಗೆಲುವಾಯಿತು.

ಒಳಗೆ ಬಂದ ಮಾವ ಬಾಗಿಲಲ್ಲಿ ನಿಂತರು. ಅತ್ತೆ ಆಗತಾನೇ ಹಾಲಿನ ಪಾತ್ರೆ ಹಿಡಿದು ಬಂದಿದ್ದರು. ಮಾವ ಅತ್ತೆಯನ್ನು ನೋಡಲಿಲ್ಲ. ನನ್ನನ್ನೇ ನೋಡಿ, "ಹಾಗಾದ್ರೆ ಯಾವುದು ಬಿಡಬೇಕಮ್ಮ ಲಕ್ಷ್ಮೀ?" ಎಂದು ಕೇಳಿದರು. ಅತ್ತೆ ಪಾತ್ರೆ ಹಿಡಿದುಕೊಂಡೇ ನಿಂತರು.

ನಾನು ಸೆರಗು ಸರಿಮಾಡಿಕೊಂಡು ಹೇಳಿದೆ. ಶುರುವಾದ ಮೇಲೆ ನನ್ನನ್ನು ನಿಲ್ಲಿಸುವವರು ಯಾರು? ಮೀಸೆ ನೋಡಬಾರದು, ಬಾಯಿ ನೋಡಬೇಕು. ಬಾಯಿಗೆ ಹಿಡಿಯುವುದನ್ನೆಲ್ಲ ಮೀನು ನುಂಗುತ್ತದೆ. ಗಿರ್ಲಿನ ಹೊಟ್ಟೆಯಲ್ಲಿ ನಾವು ಕಂಡದ್ದು ಹುಳ, ಕೆಸರು ಅಷ್ಟೇ. ಅದರಲ್ಲೂ ಮರಿಗಳನ್ನೇ ತರಬೇಕು, ಅವು ಗುಂಪಿನಲ್ಲಿರುವ ಜಾತಿ, ಒಂದನ್ನೇ ಬಿಟ್ಟರೆ ಮೂಲೆ ಸೇರುತ್ತದೆ. ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ.

ಮಾವ ಎಲ್ಲವನ್ನೂ ಕೇಳಿ ತಲೆ ಆಡಿಸಿದರು. "ಬರೋ ಭಾನುವಾರ ನಾನೇ ಕೆಂಗೇರಿಗೆ ಬರ್ತೀನಿ ಬೀಗ್ರೇ, ಇಬ್ಬರೂ ಸೇರಿ ಹುಡುಕೋಣ. ಲಕ್ಷ್ಮೀನೂ ಬರ್ಲಿ, ಆರಿಸೋಕೆ ಅವಳೇ ಬೇಕು" ಅಂದರು. ಹೊಸದಾಗಿ ಮದುವೆಯಾದವಳಿಗೆ ಹಬ್ಬವಿಲ್ಲದೆ, ಕರೆಯದೆ ತವರಿಗೆ ಹೋಗುವ ಭಾಗ್ಯ! ಅಪ್ಪನ ಮುಖ ಅರಳಿತು, ನನ್ನದನ್ನು ಕೇಳುವುದೇ ಬೇಡ.

ಆ ಭಾನುವಾರ ಕೆರೆಯ ಅಂಚಿನಲ್ಲಿ ಮಾವ ಪ್ಯಾಂಟು ಮಡಿಸಿ ಇಳಿದರು, ಅಪ್ಪ ಪಂಚೆ ಎತ್ತಿ ಕಟ್ಟಿ ಇಳಿದರು. ಹಳೆಯ ಸೀರೆಯ ತುಂಡೊಂದನ್ನು ಎರಡು ಕಡೆ ಹಿಡಿದು ಗೋರಿದರು. ಗಿರ್ಲಿನ ಮುಳ್ಳು ಚುಚ್ಚಿ ರಕ್ತ ಬಂದು ಮಾವನ ಹೆಬ್ಬೆರಳು ಊದಿಕೊಂಡಿತು. ಅಪ್ಪ ಅದಕ್ಕೆ ಸುಣ್ಣ ಹಚ್ಚಿ, "ಸಂಬಂಧ ಆಯ್ತು ಬಿಡಿ ಬೀಗ್ರೇ, ರಕ್ತ ಕೊಟ್ಟಾಯ್ತಲ್ಲ" ಎಂದು ಕೀಟಲೆ ಮಾಡಿದರು. ಸಿಕ್ಕ ಮರಿಗಳನ್ನು ಮನೆಗೆ ತಂದು ಅಗಲವಾದ ಬೋಗುಣಿಯಲ್ಲಿ ಬಿಟ್ಟೆವು. ಅವ್ವ ಅಡುಗೆಮನೆಯ ಬಾಗಿಲ ಮರೆಯಿಂದಲೇ, "ಕಾಲುವೇಲಿ ಸಣ್ಣ ಮೀನು ಹಿಡಿದು ಅವನ್ನೂ ಅದರೊಳಗೇ ಬಿಡಕ್ಕೆ ಹೇಳವ್ವ. ಊಟ ಆಗೋಗಂಟ ನೋಡ್ಲಿ, ಯಾವುದು ತಂಟೆ ಮಾಡುತ್ತೋ ಅದನ್ನ ಬಿಟ್ಬಿಡ್ಲಿ" ಅಂದಳು. ಅವ್ವ ಬೀಗರ ಮುಂದೆ ಬರುವವಳಲ್ಲ. ಆವತ್ತು ನಡುವೆ ನಿಂತು ಮಾತು ದಾಟಿಸಿದವಳು ನಾನು. ಒಂದು ಪದವನ್ನೂ ಬಿಡಲಿಲ್ಲ.

ಊಟ ಮುಗಿಸಿ ಬಂದು ನೋಡಿದಾಗ, ಸ್ವಲ್ಪ ದೊಡ್ಡದಾಗಿದ್ದ ಒಂದು ಗಿರ್ಲು ಕಾಲುವೆಯ ಮೀನುಗಳನ್ನು ಬೋಗುಣಿಯ ತುಂಬ ಅಟ್ಟಾಡಿಸುತ್ತಿತ್ತು. ಅಪ್ಪ ಅದನ್ನು ವಾಪಸು ಕೆರೆಗೆ ಬಿಟ್ಟು ಬಂದರು. ಉಳಿದ ಮರಿಗಳು ತಳದಲ್ಲಿ ಒಂದರ ಪಕ್ಕ ಒಂದು ಮಲಗಿ ಮೀಸೆ ಆಡಿಸುತ್ತಿದ್ದವು. ಅವುಗಳ ಬಾಯಿ ಮಾವನ ಗಪ್ಪಿಗಳನ್ನು ನುಂಗುವಂಥದ್ದಲ್ಲ ಎಂದು ನಾನು ಬಗ್ಗಿ ಬಗ್ಗಿ ನೋಡಿ ಹೇಳಿದೆ. ಮಾವ ಅವನ್ನು ಮಡಕೆಯಲ್ಲಿ ಹಾಕಿಸಿಕೊಂಡು, ರೈಲಿನಲ್ಲಿ ಉದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡೇ ಬಂದರು. "ಇವು ಬೆಳೆದು ದೊಡ್ಡವಾದ್ರೆ?" ಎಂದು ದಾರಿಯಲ್ಲಿ ನನ್ನನ್ನು ಕೇಳಿದರು. "ಕೆಂಗೇರಿಗೆ ಬಿಟ್ಟು ಬೇರೆ ತರೋಣ ಮಾವ" ಅಂದೆ. ಮತ್ತೆ ಮತ್ತೆ ತವರಿಗೆ ಹೋಗುವ ದಾರಿ ಮಾಡಿಕೊಂಡೆ ಅಂತ ಅವರಿಗೆ ಗೊತ್ತಾಯಿತೋ ಏನೋ, ಕಿಟಕಿಯ ಕಡೆ ತಿರುಗಿ ನಕ್ಕರು.

ತೊಟ್ಟಿಗೆ ಬಿಟ್ಟ ಮೇಲೆ ಗಿರ್ಲುಗಳು ಹಗಲೆಲ್ಲ ಕಲ್ಲಿನ ಸಂದಿಯಲ್ಲಿ ಅಡಗಿರುತ್ತಿದ್ದವು. ದೀಪ ಹಚ್ಚುವ ಹೊತ್ತಿಗೆ ಹೊರಬಂದು ತಳದಲ್ಲಿ ಬಿದ್ದ ಹಿಟ್ಟನ್ನು ಆಯುತ್ತಿದ್ದವು. ಗಪ್ಪಿಗಳು ಮೇಲೆ, ಇವು ಕೆಳಗೆ. ಮಾವ ಹಿಟ್ಟು ಹಾಕುವುದನ್ನೂ ಕಮ್ಮಿ ಮಾಡಿದರು ಅನ್ನಿ, ಅದನ್ನೂ ನಾನೇ ಹೇಳಿದ್ದು. ನೀರು ತಿಳಿಯಾಯಿತು. ನುಗ್ಗೆ ಮರದ ಬುಡಕ್ಕೆ ಮಾವ ಬೆಳಗ್ಗೆ ಹೋಗುವುದು ನಿಂತಿತು. ಹಿತ್ತಲ ಮುರುಗೋಡಂತೂ ಅತ್ತೆಯ ಕೈಯಿಂದಲೇ ಮುದ್ದೆಯ ಚೂರು ತಿಂದು ಕೊಬ್ಬಿತು. ಬೀದಿಯವರೆಲ್ಲ ಅದನ್ನು ಬೀಗರ ಮೀನು ಅಂತಲೇ ಕರೆಯುತ್ತಿದ್ದರು. ಅಪ್ಪ ಬಂದಾಗೆಲ್ಲ ಒಳಗೆ ಕಾಲಿಡುವ ಮುಂಚೆ ಹಿತ್ತಲಿಗೆ ಹೋಗಿ ಅದನ್ನು ಮಾತಾಡಿಸಿ ಬರುತ್ತಿದ್ದರು.

ಗಿರ್ಲು ಬಿಟ್ಟ ಮೊದಲ ಸಂಜೆ ನಾನು ಅಡುಗೆಮನೆಯಲ್ಲಿ ಮುದ್ದೆ ತೊಳಸುತ್ತಿದ್ದೆ. ನಡುಮನೆಯಿಂದ ಮಾವ ಕೂಗಿದರು, "ಲಕ್ಷ್ಮೀ, ಬಾರಮ್ಮ ಇಲ್ಲಿ. ನಿನ್ನ ತವರಿನೋರು ಊಟಕ್ಕೆ ಬಂದಿದಾರೆ."

ಅತ್ತೆ ನನ್ನ ಕೈಯಿಂದ ಕೋಲು ತೆಗೆದುಕೊಂಡು, "ಹೋಗು, ಕರೀತಿದಾರೆ. ಇನ್ಮೇಲೆ ನಂಗೇನ್ ಕೆಲಸ ಇದೆ ಈ ಮನೇಲಿ" ಅಂದರು, ನಗುತ್ತಲೇ.

ಅಲ್ಲಿಂದ ಮುಂದೆ ಮಾವ ಇರುವಷ್ಟು ಕಾಲ ಆ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಕೂಡಲೇ ಆ ಕರೆ ಬರುತ್ತಿತ್ತು. ತವರು ನೆನಪಾಗಿ ಕಣ್ಣು ತುಂಬಿದ ದಿನಗಳೂ ಇದ್ದವು. ಆಗಲೂ ಕೈ ಒರೆಸಿಕೊಂಡು ಹೋಗಿ ಮಾವನ ಪಕ್ಕದಲ್ಲಿ ನೆಲದ ಮೇಲೆ ಕೂರುತ್ತಿದ್ದೆ. ಇಬ್ಬರೂ ಬೇಕಾದಷ್ಟು ಮಾತಾಡುತ್ತಿದ್ದೆವು.

ಮೊನ್ನೆ ವಿಜಯನಗರದ ಮಾರ್ಕೆಟ್ಟಿನಲ್ಲಿ ಮೊಮ್ಮಗನ ಜೊತೆ ಹೋಗುವಾಗ ಮೀನಿನ ಅಂಗಡಿಯೊಂದರ ಮುಂದೆ ನಿಂತೆ. ಗಾಜಿನ ತೊಟ್ಟಿಯ ತಳದಲ್ಲಿ, ಯಾವ ದೇಶದ್ದೋ ಏನೋ, ಒಂದು ಪುಟ್ಟ ಮೀಸೆ ಮೀನು ಮರಳು ಕೆದಕುತ್ತಿತ್ತು. "ಅಜ್ಜಿ, ಬಾ ಹೊತ್ತಾಯ್ತು" ಎಂದು ಮೊಮ್ಮಗ ಕೈ ಎಳೆದ. "ಇರೋ, ನಮ್ಮ ತವರಿನೋರು ಊಟ ಮಾಡ್ತಾ ಇದಾರೆ" ಅಂದೆ.